ಮ್ಯಾನಿ ಮಲ್ಹೋತ್ರಾ: 991 ಪಂದ್ಯ, 116 ಗೋಲು. ಇಂಥ ವೃತ್ತಿಜೀವನವನ್ನು ಹೇಗೆ ಅಳೆಯುವುದು?

ಪ್ರಶ್ನೆ: ಬಾಳೆಲೆ ಮಿಡ್‌ಫೀಲ್ಡರ್

ಎಲ್ಲರಿಗೂ ನಮಸ್ಕಾರ.

ಕೊಡಗಿನ ಕೌಟುಂಬಿಕ ಹಾಕಿಯನ್ನು ಆಡಿಯೂ ನೋಡಿಯೂ ಬೆಳೆದ ನಮಗೆ ಹಾಕಿ ಎಂದರೆ ಟರ್ಫ್ ಅಥವಾ ಮಣ್ಣಿನ ಮೈದಾನವೇ ಹೊರತು ಮಂಜುಗಡ್ಡೆಯಲ್ಲ. ಹೀಗಿದ್ದರೂ ಕೆಲವು ಸಮಯದಿಂದ ಐಸ್ ಹಾಕಿಯ ಬಗ್ಗೆ ಓದುತ್ತಿದ್ದೇನೆ. ಅಲ್ಲಿ ಭಾರತೀಯ ಮೂಲದ ಆಟಗಾರರು ಯಾರಾದರೂ ಇದ್ದಾರೆಯೇ ಎಂದು ಹುಡುಕುತ್ತಾ ಹೋದಾಗ ಎರಡು ಹೆಸರುಗಳು ಸಿಕ್ಕವು. ಮೊದಲನೆಯವರು ಬ್ರಿಟಿಷ್ ಕೊಲಂಬಿಯಾದ ಡಂಕನ್ ಊರಿನ ರಾಬಿನ್ ಬಾವಾ. 1989-90ರ ಋತುವಿನಲ್ಲಿ ವಾಷಿಂಗ್ಟನ್ ಕ್ಯಾಪಿಟಲ್ಸ್ ತಂಡದ ಮೂಲಕ ನ್ಯಾಷನಲ್ ಹಾಕಿ ಲೀಗ್, ಅಂದರೆ ಎನ್‌ಎಚ್‌ಎಲ್‌ಗೆ ಕಾಲಿಟ್ಟ ಇವರು ಅಲ್ಲಿ ಆಡಿದ ಭಾರತೀಯ ಮೂಲದ ಮೊದಲ ಆಟಗಾರ. ಎರಡನೆಯವರು ಮ್ಯಾನಿ ಮಲ್ಹೋತ್ರಾ. ನನ್ನ ಪ್ರಶ್ನೆ ಇವರ ಕುರಿತಾದದ್ದು.

ಮಲ್ಹೋತ್ರಾ 1980ರಲ್ಲಿ ಕೆನಡಾದ ಮಿಸ್ಸಿಸಾಗಾದಲ್ಲಿ ಹುಟ್ಟಿದವರು. ತಂದೆ ಪಂಜಾಬ್ ಮೂಲದವರು, ತಾಯಿ ಫ್ರೆಂಚ್ ಕೆನಡಿಯನ್. 1998ರ ಡ್ರಾಫ್ಟ್‌ನಲ್ಲಿ, ಎಂದರೆ ಹೊಸ ಆಟಗಾರರನ್ನು ಕ್ಲಬ್‌ಗಳು ಸರದಿಯ ಪ್ರಕಾರ ಆರಿಸಿಕೊಳ್ಳುವ ಪ್ರಕ್ರಿಯೆಯಲ್ಲಿ, ನ್ಯೂಯಾರ್ಕ್ ರೇಂಜರ್ಸ್ ತಂಡ ಇವರನ್ನು ಏಳನೆಯವರಾಗಿ ಆರಿಸಿತು. ಆಮೇಲೆ ಡಲ್ಲಾಸ್, ಕೊಲಂಬಸ್, ಸ್ಯಾನ್ ಹೋಸೆ, ವ್ಯಾಂಕೂವರ್, ಕ್ಯಾರೊಲಿನಾ, ಮಾಂಟ್ರಿಯಲ್ ಹೀಗೆ ಒಟ್ಟು ಏಳು ಕ್ಲಬ್‌ಗಳಲ್ಲಿ 991 ಪಂದ್ಯಗಳನ್ನು ಆಡಿದರು. ಅಷ್ಟೂ ಪಂದ್ಯಗಳಲ್ಲಿ ಗಳಿಸಿದ ಗೋಲುಗಳು 116 ಮಾತ್ರ. ಅಂದರೆ ಸರಾಸರಿ ಎಂಟು ಒಂಬತ್ತು ಪಂದ್ಯಗಳಿಗೆ ಒಂದು ಗೋಲು. ಇವರು ರಕ್ಷಣಾ ವಿಭಾಗದವರಲ್ಲ, ಸೆಂಟರ್ ಸ್ಥಾನದಲ್ಲಿ ಆಡಿದ ಮುನ್ಪಡೆ ಆಟಗಾರ ಎಂಬುದನ್ನು ಗಮನಿಸಬೇಕು.

ಇಷ್ಟು ಕಡಿಮೆ ಗೋಲು ಹೊಡೆದ ಮುನ್ಪಡೆ ಆಟಗಾರನೊಬ್ಬ ಅಷ್ಟು ಕಠಿಣವಾದ ಲೀಗ್‌ನಲ್ಲಿ 16 ಋತುಗಳ ಕಾಲ ಉಳಿದದ್ದು ಹೇಗೆ? 2010ರಲ್ಲಿ ವ್ಯಾಂಕೂವರ್ ಕನಕ್ಸ್ ಇವರಿಗೆ ಮೂರು ವರ್ಷಗಳಿಗೆ 75 ಲಕ್ಷ ಡಾಲರ್ ಕೊಟ್ಟದ್ದು ಯಾವ ಕೆಲಸಕ್ಕಾಗಿ? ನಮ್ಮ ಆಟದ ಯಾವ ಸ್ಥಾನಕ್ಕೆ ಇದನ್ನು ಹೋಲಿಸಬಹುದು? ಬಲ್ಲವರು ವಿವರವಾಗಿ ಬರೆಯಬೇಕೆಂದು ವಿನಂತಿ.

ಉತ್ತರ: ಕಕ್ಕಬ್ಬೆಯಿಂದ ವ್ಯಾಂಕೂವರ್

ನಾನು ಈ ಊರಿನಲ್ಲಿ ನೆಲೆಸಿ ಬಹಳ ವರ್ಷಗಳಾದವು. ಇಲ್ಲಿ ಹಾಕಿ ಎಂದರೆ ಐಸ್ ಹಾಕಿಯೇ. ನಮ್ಮದನ್ನು ಇವರು ‘ಫೀಲ್ಡ್ ಹಾಕಿ’ ಎಂದು ವಿಶೇಷಣ ಸೇರಿಸಿ ಕರೆಯುವಾಗ ಕೊಡಗಿನವನಿಗೆ ಮೊದಮೊದಲು ಸ್ವಲ್ಪ ಕಸಿವಿಸಿಯಾಗುವುದು ಸಹಜ.

ನಿಮ್ಮ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಮೊದಲು ಫೇಸ್-ಆಫ್ ಏನೆಂದು ತಿಳಿಯಬೇಕು. ಐಸ್ ಹಾಕಿಯಲ್ಲಿ ಆಟ ನಿಂತಾಗಲೆಲ್ಲ, ಅದು ಆಫ್‌ಸೈಡ್‌ನಿಂದಾಗಿರಲಿ, ಗೋಲ್‌ಕೀಪರ್ ಪಕ್ (ಚೆಂಡಿನ ಬದಲು ಬಳಸುವ ಬಿಲ್ಲೆ) ಹಿಡಿದಿಟ್ಟದ್ದರಿಂದಾಗಿರಲಿ, ಮತ್ತೆ ಆರಂಭವಾಗುವುದು ಫೇಸ್-ಆಫ್‌ನಿಂದಲೇ. ಎರಡು ತಂಡಗಳ ಸೆಂಟರ್ ಆಟಗಾರರು ಎದುರುಬದುರಾಗಿ ಬಾಗಿ ನಿಲ್ಲುತ್ತಾರೆ, ಅಧಿಕಾರಿ ನಡುವೆ ಪಕ್ ಬೀಳಿಸುತ್ತಾರೆ, ಯಾರ ಸ್ಟಿಕ್ ಅದನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೋ ಆಟದ ಹಿಡಿತ ಅವರ ತಂಡದ್ದು. ಒಂದು ಪಂದ್ಯದಲ್ಲಿ ಇದು ಸುಮಾರು 60 ಬಾರಿ ನಡೆಯುತ್ತದೆ. ರಿಂಕ್‌ನ ಉದ್ದ 200 ಅಡಿ, ಅಗಲ 85 ಅಡಿ ಮಾತ್ರ. ನಮ್ಮ ಮೈದಾನದ ಉದ್ದವೇ ಸುಮಾರು 300 ಅಡಿ. ಇಷ್ಟು ಇಕ್ಕಟ್ಟಾದ ಜಾಗದಲ್ಲಿ, ನಿಮ್ಮ ಗೋಲಿನ ಬಲಕ್ಕೋ ಎಡಕ್ಕೋ ಕೆಲವೇ ಅಡಿಗಳಾಚೆ ನಡೆಯುವ ಫೇಸ್-ಆಫ್‌ನಲ್ಲಿ ಸೋತರೆ ಎರಡು ಸೆಕೆಂಡುಗಳೊಳಗೆ ಹೊಡೆತ ಗೋಲಿನತ್ತ ಬಂದಿರುತ್ತದೆ.

ಮಲ್ಹೋತ್ರಾ ಈ ಕೆಲಸದಲ್ಲಿ ಪಳಗಿದವರು. 2010-11ರ ಋತುವಿನಲ್ಲಿ ತಾವು ಎದುರಿಸಿದ ಫೇಸ್-ಆಫ್‌ಗಳಲ್ಲಿ ಶೇಕಡಾ 61ಕ್ಕೂ ಹೆಚ್ಚನ್ನು ಗೆದ್ದರು. ಇದು ಇಡೀ ಲೀಗ್‌ನಲ್ಲೇ ಅಗ್ರ ಸಾಲಿನ ಸಾಧನೆ. ಶೇಕಡಾ 50 ಸಮಬಲವೆಂದು ಲೆಕ್ಕ ಹಾಕುವ ಕಡೆ 55 ದಾಟಿದವರನ್ನೇ ನಿಪುಣರೆನ್ನುತ್ತಾರೆ ಎಂದರೆ ಈ ಅಂಕಿಯ ತೂಕ ತಿಳಿಯುತ್ತದೆ.

ಆದರೆ ಅಂದಿನ ಕೋಚ್ ಅಲೇನ್ ವಿನ್ಯೋ ಈ ನೈಪುಣ್ಯವನ್ನು ಬಳಸಿದ ರೀತಿ ಅದಕ್ಕಿಂತ ಸ್ವಾರಸ್ಯಕರವಾದದ್ದು. ಕನಕ್ಸ್ ತಂಡದಲ್ಲಿ ಸ್ವೀಡನ್ನಿನ ಅವಳಿ ಸಹೋದರರಾದ ಹೆನ್ರಿಕ್ ಮತ್ತು ಡೇನಿಯಲ್ ಸೆಡಿನ್ ಇದ್ದರು. ಪಾಸ್ ಮಾಡುವುದರಲ್ಲಿ ಅವರಿಗೆ ಸಾಟಿಯಿರಲಿಲ್ಲ. ಆದರೆ ಅವರಂಥ ಆಟಗಾರರನ್ನು ಸ್ವಂತ ಗೋಲಿನ ಮುಂದೆ ರಕ್ಷಣೆಗೆ ನಿಲ್ಲಿಸಿದರೆ ಅವರ ಅರ್ಧ ಶಕ್ತಿ ಅಲ್ಲೇ ಸವೆಯುತ್ತದೆ. ಐಸ್ ಹಾಕಿಯಲ್ಲಿ ಆಟಗಾರರು ಮುಕ್ಕಾಲು ನಿಮಿಷದಷ್ಟು ಆಡಿ ಬೆಂಚಿಗೆ ಮರಳುತ್ತಾರೆ, ಬದಲಿಗಳು ಎಡೆಬಿಡದೆ ನಡೆಯುತ್ತಿರುತ್ತವೆ. ಹೀಗಾಗಿ ಯಾವ ಫೇಸ್-ಆಫ್‌ಗೆ ಯಾರನ್ನು ಕಳುಹಿಸಬೇಕು ಎಂಬುದು ಕೋಚ್‌ನ ಕೈಯಲ್ಲಿರುವ ದೊಡ್ಡ ಅಸ್ತ್ರ. ವಿನ್ಯೋ ಅವರು ತಮ್ಮ ಗೋಲಿನ ಬಳಿಯ ಫೇಸ್-ಆಫ್‌ಗಳಿಗೆ ಮಲ್ಹೋತ್ರಾ ಅವರನ್ನೂ ಎದುರಾಳಿಯ ಗೋಲಿನ ಬಳಿಯವಕ್ಕೆ ಸೆಡಿನ್ ಸಹೋದರರನ್ನೂ ಕಳುಹಿಸುತ್ತಾ ಹೋದರು. ಆ ಋತುವಿನಲ್ಲಿ ಡೇನಿಯಲ್ ಸೆಡಿನ್ ಗೋಲು, ನೆರವು ಕೂಡಿ 104 ಅಂಕಗಳೊಂದಿಗೆ ಲೀಗ್‌ನ ಅಗ್ರ ಅಂಕಗಳಿಕೆಯ ಆರ್ಟ್ ರಾಸ್ ಟ್ರೋಫಿ ಗೆದ್ದರು, ಎರಡನೇ ಸಾಲಿನ ಸೆಂಟರ್ ರಯಾನ್ ಕೆಸ್ಲರ್ 41 ಗೋಲು ಹೊಡೆದರು. ಲೀಗ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದ ತಂಡವೂ, ಅತಿ ಕಡಿಮೆ ಗೋಲು ಬಿಟ್ಟುಕೊಟ್ಟ ತಂಡವೂ ಕನಕ್ಸ್ ಆಗಿತ್ತು. 117 ಅಂಕಗಳಿಂದ ಲೀಗ್ ಹಂತದ ಅಗ್ರಸ್ಥಾನವೂ ಅದರದೇ. ಆ ವರ್ಷ ಮಲ್ಹೋತ್ರಾ ಹೊಡೆದದ್ದು 11 ಗೋಲು. ಅವರ ದುಡಿಮೆಯ ಫಲ ಬಹುಪಾಲು ಬೇರೆಯವರ ಹೆಸರಿನ ಮುಂದೆ ದಾಖಲಾಗಿದೆ. ಸಹ ಆಟಗಾರನೊಬ್ಬ ಶಿಕ್ಷೆಗೆ ಒಳಗಾಗಿ ಹೊರಗೆ ಕುಳಿತಾಗ, ಒಬ್ಬ ಕಡಿಮೆಯಿರುವ ತಂಡದ ಪರ ರಕ್ಷಣೆಗೆ ಇಳಿಯುವ ಕೆಲಸವೂ ಅವರ ಪಾಲಿನದಾಗಿತ್ತು.

ಉತ್ತರ: ಗೋಣಿಕೊಪ್ಪದ ಓದುಗ

ಮೇಲಿನ ವಿವರಣೆಯನ್ನು ಒಪ್ಪುತ್ತೇನೆ, ಆದರೆ ಪೂರ್ತಿಯಾಗಿ ಅಲ್ಲ. ಡ್ರಾಫ್ಟ್‌ನಲ್ಲಿ ಏಳನೆಯವನಾಗಿ ಆಯ್ಕೆಯಾಗುವ ಹುಡುಗನನ್ನು ಯಾವ ಕ್ಲಬ್ಬೂ ಫೇಸ್-ಆಫ್ ಗೆದ್ದುಕೊಡಲೆಂದು ಆರಿಸುವುದಿಲ್ಲ. ಅವನಿಂದ ಗೋಲುಗಳನ್ನೇ ನಿರೀಕ್ಷಿಸಿರುತ್ತಾರೆ. ಆ ದೃಷ್ಟಿಯಿಂದ ಮೊದಲ ಅರ್ಧ ನಿರಾಶಾದಾಯಕವೆಂದು ಹೇಳಲು ಹಿಂಜರಿಯಬೇಕಾಗಿಲ್ಲ. ರೇಂಜರ್ಸ್ ಅವರನ್ನು 18ನೇ ವಯಸ್ಸಿಗೇ ಹಿರಿಯರ ಲೀಗ್‌ಗೆ ಇಳಿಸಿತು. ಅಲ್ಲಿ ಬಹಳಷ್ಟು ಸಮಯ ಬೆಂಚಿನ ಮೇಲೆಯೇ ಕಳೆಯಿತು. ಕಿರಿಯರ ತಂಡವಾದ ಗ್ವೆಲ್ಫ್ ಸ್ಟಾರ್ಮ್‌ನಲ್ಲಿ ಇನ್ನೆರಡು ವರ್ಷ ದಿನವೂ ಆಡಿ ಮಾಗಬಹುದಾಗಿದ್ದ ಹುಡುಗನನ್ನು ಕೂರಿಸಿ ಕೆಡಿಸಿದರು ಎಂಬ ಟೀಕೆಯಲ್ಲಿ ಹುರುಳಿದೆ. 2002ರಲ್ಲಿ ಡಲ್ಲಾಸ್‌ಗೆ ಆಟಗಾರರ ವಿನಿಮಯದಲ್ಲಿ ಹೋದರು. 2003ರ ಕೊನೆಯಲ್ಲಿ ಡಲ್ಲಾಸ್ ಅವರನ್ನು ವೇವರ್ಸ್ ಪಟ್ಟಿಗೆ ಹಾಕಿತು, ಅಂದರೆ ಬೇಕಾದವರು ಪುಕ್ಕಟೆಯಾಗಿ ಒಯ್ಯಬಹುದು ಎಂದಿತು. ಆಗ ಕೊಲಂಬಸ್ ಬ್ಲೂ ಜಾಕೆಟ್ಸ್ ಕರೆದುಕೊಂಡಿತು. ಏಳನೇ ಆಯ್ಕೆಯ ಆಟಗಾರ 23ನೇ ವಯಸ್ಸಿಗೆ ಯಾರಿಗೂ ಬೇಡವಾಗುವುದು ಸಣ್ಣ ಸಂಗತಿಯಲ್ಲ.

ಆದ್ದರಿಂದ ‘ಅವರು ತಂಡಕ್ಕಾಗಿ ದುಡಿದರು, ಗೋಲು ಮುಖ್ಯವಲ್ಲ’ ಎನ್ನುವಾಗ, ಆ ಪಾತ್ರ ಅವರು ಬಯಸಿ ಆರಿಸಿಕೊಂಡದ್ದಲ್ಲ, ಬೇರೆ ದಾರಿ ಮುಚ್ಚಿದ ಮೇಲೆ ಹಿಡಿದದ್ದು ಎಂಬುದನ್ನೂ ಸೇರಿಸಿ ಹೇಳಬೇಕು.

ಉತ್ತರ: ಕಕ್ಕಬ್ಬೆಯಿಂದ ವ್ಯಾಂಕೂವರ್

ಗೋಣಿಕೊಪ್ಪದವರು ಹೇಳಿದ್ದು ನ್ಯಾಯವಾಗಿದೆ. ಆದರೂ ಅದೇ ಡ್ರಾಫ್ಟ್‌ನ ಉಳಿದವರನ್ನು ನೋಡಿದರೆ ಚಿತ್ರ ಸ್ವಲ್ಪ ಬದಲಾಗುತ್ತದೆ. 1998ರ ಮೊದಲ ಆಯ್ಕೆ ವಿನ್ಸೆಂಟ್ ಲೆಕವಲಿಯೇ 1,200ಕ್ಕೂ ಹೆಚ್ಚು ಪಂದ್ಯಗಳಲ್ಲಿ 400ಕ್ಕೂ ಮಿಕ್ಕಿ ಗೋಲು ಹೊಡೆದರು, ಅವರ ವಿಷಯ ಬೇರೆ. ಆದರೆ ಮಲ್ಹೋತ್ರಾಗಿಂತ ಒಂದು ಸ್ಥಾನ ಮುಂಚೆ, ಆರನೆಯವರಾಗಿ ಆಯ್ಕೆಯಾದ ರಿಕೊ ಫಾಟಾ 250 ಪಂದ್ಯಗಳನ್ನೂ ಮುಟ್ಟಲಿಲ್ಲ. ಗೋಲು ಹೊಡೆಯುವವರೆಂದು ಆಯ್ಕೆಯಾಗಿ, ಗೋಲು ಬಾರದೆ ಹೋದಾಗ ಲೀಗ್‌ನಿಂದಲೇ ಮರೆಯಾದವರ ಸಂಖ್ಯೆ ಪ್ರತಿ ಡ್ರಾಫ್ಟ್‌ನಲ್ಲೂ ದೊಡ್ಡದು. ಮಲ್ಹೋತ್ರಾ ಮರೆಯಾಗಲಿಲ್ಲ, ಆಟದ ಬೇರೊಂದು ಕೆಲಸ ಕಲಿತರು. 2004-05ರಲ್ಲಿ ಮಾಲೀಕರಿಗೂ ಆಟಗಾರರಿಗೂ ನಡುವಿನ ವೇತನ ವಿವಾದದಿಂದ ಇಡೀ ಎನ್‌ಎಚ್‌ಎಲ್ ಋತುವೇ ರದ್ದಾದಾಗ ಸ್ಲೊವೇನಿಯಾದ ಲ್ಯುಬ್ಲಿಯಾನಾದಲ್ಲೂ ಸ್ವೀಡನ್ನಿನಲ್ಲೂ ಆಡಿದರು. ಕೊಲಂಬಸ್‌ನ ವರ್ಷಗಳಲ್ಲಿ ರಕ್ಷಣಾತ್ಮಕ ಸೆಂಟರ್ ಎಂದು ಹೆಸರಾದರು. 2009-10ರಲ್ಲಿ ಸ್ಯಾನ್ ಹೋಸೆ ಪರ 14 ಗೋಲು, 19 ನೆರವು ಕೂಡಿ 33 ಅಂಕ ಬಂತು. ವ್ಯಾಂಕೂವರ್ ಹಣ ಕೊಟ್ಟದ್ದು ಅದನ್ನು ನೋಡಿಯೇ.

ಉತ್ತರ: ಮಾಜಿ ಸೆಂಟರ್ ಹಾಫ್, ನಾಪೋಕ್ಲು

ನಮ್ಮ ಆಟದ ಯಾವ ಸ್ಥಾನಕ್ಕೆ ಹೋಲಿಸಬಹುದು ಎಂಬ ಭಾಗಕ್ಕೆ ಮಾತ್ರ ಉತ್ತರಿಸುತ್ತೇನೆ. ಐಸ್ ಹಾಕಿಯನ್ನು ನಾನು ದೂರದರ್ಶನದಲ್ಲಿ ಚಳಿಗಾಲದ ಒಲಿಂಪಿಕ್ಸ್ ಬಂದಾಗ ನೋಡಿದ್ದಷ್ಟೇ.

ಯಾರಾದರೂ ಥಟ್ಟನೆ ಹೇಳುವ ಉತ್ತರ ‘ಬುಲ್ಲಿ’ ಎಂಬುದು. ನಮ್ಮ ಕಾಲದಲ್ಲಿ ಪಂದ್ಯ ಆರಂಭವಾಗುತ್ತಿದ್ದದ್ದೇ ಬುಲ್ಲಿಯಿಂದ: ಇಬ್ಬರು ಎದುರುಬದುರು ನಿಂತು ನೆಲಕ್ಕೂ ಸ್ಟಿಕ್ಕಿಗೂ ತಟ್ಟಿ ಚೆಂಡಿಗೆ ಕೈಹಾಕುವುದು. 1980ರ ದಶಕದ ಆರಂಭದಲ್ಲಿ ಅದರ ಬದಲು ಸೆಂಟರ್ ಪಾಸ್ ಬಂತು. ಈಗ ಆಟ ಅಕಸ್ಮಾತ್ತಾಗಿ ನಿಂತಾಗ ಮಾತ್ರ ಬುಲ್ಲಿ ಉಂಟು. ಹೊರನೋಟಕ್ಕೆ ಇದು ಫೇಸ್-ಆಫ್‌ನಂತೆಯೇ ಕಾಣುತ್ತದೆ, ಆದರೆ ಬುಲ್ಲಿಯನ್ನೇ ನಂಬಿ ತಂಡದಲ್ಲಿ ಸ್ಥಾನ ಗಿಟ್ಟಿಸಿದವರನ್ನು ನಾನು ಕಂಡಿಲ್ಲ. ಆದ್ದರಿಂದ ಈ ಹೋಲಿಕೆ ಹೆಚ್ಚು ದೂರ ಸಾಗುವುದಿಲ್ಲ.

ಎರಡನೆಯದು ಹಾಫ್ ಲೈನ್. 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದು, 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ತಂಡವನ್ನು ಮುನ್ನಡೆಸಿದ ನಮ್ಮ ಎಂ.ಎಂ. ಸೋಮಯ್ಯ ಅವರ ಹಿರಿಮೆಯನ್ನು ಗೋಲುಗಳ ಸಂಖ್ಯೆಯಿಂದ ಅಳೆಯುವವರು ಕೊಡಗಿನಲ್ಲಿ ಯಾರೂ ಇಲ್ಲ. ಹಾಫ್‌ನ ಕೆಲಸ ತಡೆದು, ಬಿಡಿಸಿ, ಮುಂದೆ ದಾಟಿಸುವುದು ಎಂದು ನಮಗೆ ಗೊತ್ತಿದೆ. ಆದರೆ ಹಾಫ್ ಇಡೀ ಹೊತ್ತು ಆಟವನ್ನು ಕಟ್ಟುವವನು. ಮಲ್ಹೋತ್ರಾ ಅವರದು ನಿರ್ದಿಷ್ಟ ಗಳಿಗೆಗೆ, ನಿರ್ದಿಷ್ಟ ಜಾಗಕ್ಕೆ ಕರೆಸಿಕೊಳ್ಳುವ ಕೆಲಸವೆಂದು ಮೇಲಿನ ವಿವರಣೆಯಿಂದ ತಿಳಿಯುತ್ತದೆ.

ಹಾಗಾಗಿ ನನ್ನ ಉತ್ತರ ಪೆನಾಲ್ಟಿ ಕಾರ್ನರ್‌ನ ಫಸ್ಟ್ ರಷರ್. ಎದುರಾಳಿ ಚೆಂಡನ್ನು ಒಳಗೆ ತಳ್ಳಿದ ಕ್ಷಣ ಗೋಲ್ ಲೈನಿನಿಂದ, ಚೆಂಡನ್ನು ಸ್ಟಿಕ್ಕಿನಿಂದ ಎಳೆದು ಗೋಲಿನತ್ತ ಎಸೆಯುವ ಡ್ರ್ಯಾಗ್ ಫ್ಲಿಕರ್‌ನ ಕಡೆಗೆ ನೇರವಾಗಿ ಓಡಿ, ಅವನ ಹೊಡೆತದ ದಾರಿಗೆ ತನ್ನ ಸ್ಟಿಕ್ಕನ್ನೂ ಮೈಯನ್ನೂ ಒಡ್ಡುವವನು. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಭಾರತ ತಂಡದಲ್ಲಿ ಒಡಿಶಾದ ಅಮಿತ್ ರೋಹಿದಾಸ್ ಮಾಡಿದ ಕೆಲಸ ಇದು. ನಮ್ಮ ವಿ.ಆರ್. ರಘುನಾಥ್ ಅವರ ಡ್ರ್ಯಾಗ್ ಫ್ಲಿಕ್ ಗೋಲುಗಳನ್ನು ಅಭಿಮಾನದಿಂದ ನೆನೆಯುವವರು ನಾವೆಲ್ಲ. ಅದೇ ರಘುನಾಥ್ ಅವರಂಥ ಫ್ಲಿಕರ್‌ನ ಎದುರಿಗೆ ಓಡಿಬಂದವನ ಹೆಸರು ಎಷ್ಟು ಜನಕ್ಕೆ ನೆನಪಿದೆ? ರಷರ್ ತಡೆದ ಚೆಂಡು ಸ್ಕೋರ್‌ಬೋರ್ಡಿನಲ್ಲಿ ಏನನ್ನೂ ಬದಲಿಸುವುದಿಲ್ಲ, ಬದಲಿಸದೆ ಇರುವುದೇ ಅವನ ಕೆಲಸ. ಅಪಾಯದಲ್ಲಿಯೂ ಹೋಲಿಕೆಯಿದೆ. ಮುಖಕ್ಕೆ ಮಾಸ್ಕ್, ಮೊಣಕಾಲಿಗೆ ಪ್ಯಾಡ್ ಇಲ್ಲದೆ ಈಗ ಯಾರೂ ರಷ್‌ಗೆ ಹೋಗುವುದಿಲ್ಲ, ಹೋಗಲೂಬಾರದು. ಹಳ್ಳಿ ಮೈದಾನಗಳಲ್ಲಿ ಇಂದಿಗೂ ಬರಿಮುಖದಲ್ಲಿ ಓಡುವ ಹುಡುಗರಿದ್ದಾರೆ ಎಂಬುದು ಬೇರೆ ಮಾತು, ಅವರ ತಂಡದವರಿಗೆ ಯಾರಾದರೂ ತಿಳಿಹೇಳಬೇಕು.

ಮರುಪ್ರಶ್ನೆ: ಬಾಳೆಲೆ ಮಿಡ್‌ಫೀಲ್ಡರ್

ಹಿರಿಯರೇ, ರಷರ್‌ನ ಹೋಲಿಕೆ ನನಗೆ ಹೊಳೆದಿರಲೇ ಇಲ್ಲ, ಧನ್ಯವಾದಗಳು. ಅಪಾಯದ ಮಾತು ಬಂದದ್ದರಿಂದ ಇನ್ನೊಂದು ಪ್ರಶ್ನೆ. 2011ರಲ್ಲಿ ಮಲ್ಹೋತ್ರಾ ಅವರ ಕಣ್ಣಿಗೆ ಪೆಟ್ಟಾಯಿತು, 2013ರಲ್ಲಿ ವ್ಯಾಂಕೂವರ್ ಕ್ಲಬ್ ಅವರನ್ನು ಆಡಿಸುವುದನ್ನೇ ನಿಲ್ಲಿಸಿತು ಎಂದು ಓದಿದೆ. ಆದರೆ ಆಮೇಲೂ ಅವರು ಎರಡು ಋತು ಆಡಿದ್ದಾರೆ. ಆಡಲು ಅಸಮರ್ಥರಾಗಿದ್ದರೆ ಬೇರೆ ಕ್ಲಬ್‌ಗಳು ಏಕೆ ತೆಗೆದುಕೊಂಡವು, ಸಮರ್ಥರಾಗಿದ್ದರೆ ವ್ಯಾಂಕೂವರ್ ಏಕೆ ನಿಲ್ಲಿಸಿತು?

ಉತ್ತರ: ಕಕ್ಕಬ್ಬೆಯಿಂದ ವ್ಯಾಂಕೂವರ್

2011ರ ಮಾರ್ಚ್ 16ರಂದು ಕೊಲೊರಾಡೊ ವಿರುದ್ಧದ ಪಂದ್ಯದಲ್ಲಿ ದಿಕ್ಕು ಬದಲಿಸಿ ಹಾರಿದ ಪಕ್ ಅವರ ಎಡಗಣ್ಣಿಗೆ ಬಡಿಯಿತು. ಹೆಲ್ಮೆಟ್‌ಗೆ ವೈಸರ್, ಎಂದರೆ ಕಣ್ಣಿನ ಮುಂದಿನ ಪಾರದರ್ಶಕ ಕವಚ, ಇರಲಿಲ್ಲ. ಆಗ ಅದು ಕಡ್ಡಾಯವಾಗಿರಲಿಲ್ಲ, ಇಷ್ಟಪಟ್ಟವರು ಮಾತ್ರ ಹಾಕಿಕೊಳ್ಳುತ್ತಿದ್ದರು. ಪಕ್ ಗಟ್ಟಿ ರಬ್ಬರಿನದು, ಆಟಕ್ಕೆ ಮುಂಚೆ ಅದನ್ನು ಪುಟಿಯದಂತೆ ಹೆಪ್ಪುಗಟ್ಟಿಸಿಟ್ಟಿರುತ್ತಾರೆ. ಒಂದಕ್ಕಿಂತ ಹೆಚ್ಚು ಶಸ್ತ್ರಚಿಕಿತ್ಸೆಗಳಾದವು. ಆ ಋತುವಿನಲ್ಲಿ ಮತ್ತೆ ಆಡುವ ಪ್ರಶ್ನೆಯೇ ಇಲ್ಲವೆಂದು ಕ್ಲಬ್ ಘೋಷಿಸಿತ್ತು.

ಆದರೆ ಕನಕ್ಸ್ ಲೀಗ್‌ನ ಪ್ರಶಸ್ತಿಯಾದ ಸ್ಟಾನ್ಲಿ ಕಪ್‌ನ ಫೈನಲ್ ಸರಣಿ ತಲುಪಿದಾಗ, ಬಾಸ್ಟನ್ ವಿರುದ್ಧದ ಎರಡನೇ ಪಂದ್ಯಕ್ಕೆ ಅವರು ಇಡೀ ಮುಖ ಮುಚ್ಚುವ ರಕ್ಷಾಕವಚ ಧರಿಸಿ ಮರಳಿದರು. ಜೂನ್ 4ರ ಆ ರಾತ್ರಿ ಅವರು ಮೊದಲ ಫೇಸ್-ಆಫ್‌ಗೆ ಬಂದಾಗ ಕ್ರೀಡಾಂಗಣ ಪೂರ್ತಿ ಎದ್ದು ನಿಂತದ್ದನ್ನು ಈ ಊರಿನವರು ಈಗಲೂ ಹೇಳಿಕೊಳ್ಳುತ್ತಾರೆ. ಆ ಪಂದ್ಯವನ್ನು ವ್ಯಾಂಕೂವರ್ ಹೆಚ್ಚುವರಿ ಅವಧಿಯ 11ನೇ ಸೆಕೆಂಡಿನಲ್ಲೇ ಗೆದ್ದಿತು, ಸರಣಿಯನ್ನು ಏಳನೇ ಪಂದ್ಯದಲ್ಲಿ 0-4ರಿಂದ ಸೋತಿತು. ಮಲ್ಹೋತ್ರಾ ಅವರಿಗೆ ಆಟಗಾರನಾಗಿ ಸ್ಟಾನ್ಲಿ ಕಪ್ ದಕ್ಕಲೇ ಇಲ್ಲ.

2011-12ರಲ್ಲಿ ಅವರು 78 ಪಂದ್ಯ ಆಡಿದರು. ಮುಂದಿನ ಋತುವಿನಲ್ಲಿ ಒಂಬತ್ತು ಪಂದ್ಯಗಳಾದ ಮೇಲೆ ಜನರಲ್ ಮ್ಯಾನೇಜರ್ ಮೈಕ್ ಗಿಲ್ಲಿಸ್ ಅವರನ್ನು ಗಾಯಾಳುಗಳ ಪಟ್ಟಿಗೆ ಸೇರಿಸಿದರು. ದೃಷ್ಟಿ ಕುಂದಿರುವ ಬದಿಯಿಂದ ಬರುವ ಡಿಕ್ಕಿಗಳನ್ನು ಅವರು ಗಮನಿಸಲಾರರು, ಇನ್ನೂ ದೊಡ್ಡ ಅನಾಹುತವಾಗಬಹುದು ಎಂಬ ಆತಂಕ ಅದರ ಹಿಂದಿತ್ತು. ಮಲ್ಹೋತ್ರಾ ಇನ್ನೂ ಆಡಬಲ್ಲೆನೆಂದು ನಂಬಿದ್ದರು. ಗುತ್ತಿಗೆ ಮುಗಿದ ಮೇಲೆ ಯಾವ ಎನ್‌ಎಚ್‌ಎಲ್ ಕ್ಲಬ್ಬೂ ನೇರವಾಗಿ ಕರೆಯದಿದ್ದಾಗ, 2013ರ ಅಕ್ಟೋಬರ್‌ನಲ್ಲಿ ಕೆಳಗಿನ ಲೀಗ್ ಆದ ಎಎಚ್‌ಎಲ್‌ನ ಷಾರ್ಲಟ್ ಚೆಕರ್ಸ್ ತಂಡಕ್ಕೆ ಪರೀಕ್ಷಾರ್ಥಿಯಾಗಿ ಹೋದರು. 850ಕ್ಕೂ ಹೆಚ್ಚು ಪಂದ್ಯಗಳಾಗಿದ್ದ 33 ವರ್ಷದ ಆಟಗಾರ ಅದಕ್ಕೆ ಒಪ್ಪಿದ್ದೇ ದೊಡ್ಡದು. ತಿಂಗಳು ಮುಗಿಯುವುದರೊಳಗೆ ಕ್ಯಾರೊಲಿನಾ ಕರೆಸಿಕೊಂಡಿತು. ಅಲ್ಲಿ ಒಂದು ಋತು, ಬಳಿಕ ಮಾಂಟ್ರಿಯಲ್‌ನಲ್ಲಿ ಒಂದು ಋತು.

ಉತ್ತರ: ಮಡಿಕೇರಿ ಫಿಸಿಯೋ

ಕ್ಲಬ್ ಮಾಡಿದ್ದು ಸರಿಯೋ ಆಟಗಾರ ಮಾಡಿದ್ದು ಸರಿಯೋ ಎಂಬ ಪ್ರಶ್ನೆಯನ್ನು ವೃತ್ತಿಯ ದೃಷ್ಟಿಯಿಂದ ನೋಡಿದರೆ ಎರಡೂ ಕಡೆ ತಥ್ಯವಿದೆ. ಒಂದು ಕಣ್ಣಿನ ದೃಷ್ಟಿ ಕುಂದಿದವರಿಗೆ ಎರಡು ತೊಂದರೆಗಳು ಎದುರಾಗುತ್ತವೆ: ಬರುತ್ತಿರುವ ವಸ್ತುವಿನ ದೂರವನ್ನು ಅಂದಾಜು ಮಾಡುವುದು ಕಷ್ಟವಾಗುತ್ತದೆ, ಆ ಬದಿಯ ನೋಟದ ವಿಸ್ತಾರವೂ ಕಿರಿದಾಗುತ್ತದೆ. ಮೊದಲನೆಯದಕ್ಕೆ ಮಿದುಳು ಕಾಲಕ್ರಮೇಣ ಸಾಕಷ್ಟು ಹೊಂದಿಕೊಳ್ಳುತ್ತದೆ. ಫೇಸ್-ಆಫ್‌ನಂಥ ಕೆಲಸದಲ್ಲಿ ಪಕ್ ಕಣ್ಣೆದುರಿಗೇ ಬೀಳುವುದರಿಂದ, ಹಾಗೂ ಅಲ್ಲಿ ಕೈಯ ಅಭ್ಯಾಸ, ಸಮಯಪ್ರಜ್ಞೆ, ನಿಲುವಿನ ಬಲ ಇವುಗಳ ಪಾತ್ರ ದೊಡ್ಡದಾದ್ದರಿಂದ, ಆ ಕೌಶಲ ಉಳಿದುಕೊಂಡದ್ದು ಆಶ್ಚರ್ಯವಲ್ಲ. ಎರಡನೆಯದಕ್ಕೆ ಕತ್ತು ತಿರುಗಿಸಿ ನೋಡುವುದೊಂದೇ ಉಪಾಯ. ಐಸ್ ಹಾಕಿಯಲ್ಲಿ ಮೈಯಿಂದ ಗುದ್ದಿ ತಡೆಯುವುದಕ್ಕೆ ನಿಯಮದ ಅನುಮತಿಯೇ ಇದೆ, ವೇಗವಂತೂ ನಮ್ಮ ಓಟಕ್ಕಿಂತ ಬಹಳ ಹೆಚ್ಚು. ಕತ್ತು ತಿರುಗಿಸಲು ಸಮಯ ಸಿಗದ ಕಡೆ ಕ್ಲಬ್‌ನ ಆತಂಕ ನಿಜವೇ.

ನಿಯಮವೂ ಬದಲಾಯಿತು. 2013-14ರಿಂದ ಲೀಗ್‌ಗೆ ಹೊಸದಾಗಿ ಬರುವ ಆಟಗಾರರಿಗೆ ವೈಸರ್ ಕಡ್ಡಾಯವಾಯಿತು. ಅದಕ್ಕೆ ಹತ್ತಿರದ ಕಾರಣ 2013ರ ಮಾರ್ಚ್‌ನಲ್ಲಿ ರೇಂಜರ್ಸ್‌ನ ಮಾರ್ಕ್ ಸ್ಟಾಲ್ ಅವರ ಕಣ್ಣಿಗಾದ ಪೆಟ್ಟು, ಆದರೆ ಆ ಚರ್ಚೆಯಲ್ಲಿ ಮಲ್ಹೋತ್ರಾ ಅವರ ಹೆಸರು ಮತ್ತೆ ಮತ್ತೆ ಬರುತ್ತಿತ್ತು. ನಾಪೋಕ್ಲುವಿನ ಹಿರಿಯರು ಬರಿಮುಖದ ರಷರ್‌ಗಳ ಬಗ್ಗೆ ಹೇಳಿದ ಮಾತಿಗೆ ನನ್ನ ಪೂರ್ಣ ಬೆಂಬಲವಿದೆ.

ಉತ್ತರ: ಗೋಣಿಕೊಪ್ಪದ ಓದುಗ

ನಿವೃತ್ತಿಯ ನಂತರದ ಭಾಗವನ್ನು ಯಾರೂ ಮುಟ್ಟಿಲ್ಲವಾದ್ದರಿಂದ ಬರೆಯುತ್ತೇನೆ. ಯಾವ ಕ್ಲಬ್ ‘ಇನ್ನು ಆಡಬೇಡ’ ಎಂದಿತ್ತೋ ಅದೇ ವ್ಯಾಂಕೂವರ್‌ಗೆ ಮಲ್ಹೋತ್ರಾ ತರಬೇತಿ ಸಿಬ್ಬಂದಿಯಾಗಿ ಮರಳಿದರು. 2017ರಲ್ಲಿ ಸಹಾಯಕ ಕೋಚ್ ಆದರು, 2020ರಿಂದ ನಾಲ್ಕು ವರ್ಷ ಟೊರಾಂಟೊ ಮೇಪಲ್ ಲೀಫ್ಸ್‌ನಲ್ಲಿ ಅದೇ ಹುದ್ದೆಯಲ್ಲಿದ್ದರು. 2024ರಲ್ಲಿ ವ್ಯಾಂಕೂವರ್‌ನ ಕಿರಿಯ ತಂಡವಾದ ಅಬಾಟ್ಸ್‌ಫರ್ಡ್ ಕನಕ್ಸ್‌ಗೆ ಮುಖ್ಯ ಕೋಚ್ ಆದರು. ಮೊದಲ ಋತುವಿನಲ್ಲೇ, 2025ರ ಜೂನ್‌ನಲ್ಲಿ, ಆ ತಂಡ ಎಎಚ್‌ಎಲ್‌ನ ಕಾಲ್ಡರ್ ಕಪ್ ಗೆದ್ದಿತು. ಫೈನಲ್‌ನಲ್ಲಿ ಸೋತದ್ದು ಷಾರ್ಲಟ್ ಚೆಕರ್ಸ್. ಆಟಗಾರನಾಗಿಯೂ ಅವರು ಈ ಕಪ್ಪನ್ನು 2000ದಲ್ಲಿ, ರೇಂಜರ್ಸ್ ಕೆಳಗೆ ಕಳುಹಿಸಿದ್ದ ಕಾಲದಲ್ಲಿ, ಹಾರ್ಟ್‌ಫರ್ಡ್ ಪರ ಗೆದ್ದಿದ್ದರು. ಅಬಾಟ್ಸ್‌ಫರ್ಡ್ ತಂಡದಲ್ಲಿ ಸರ್ರೆಯ ಪಂಜಾಬಿ ಹುಡುಗ ಅರ್ಶ್‌ದೀಪ್ ಬೈನ್ಸ್ ಕೂಡ ಇದ್ದರು.

ಡ್ರಾಫ್ಟ್‌ನ ಬಗೆಗಿನ ನನ್ನ ಅಭಿಪ್ರಾಯ ಈಗಲೂ ಬದಲಾಗಿಲ್ಲ. 116 ಗೋಲು ಏಳನೇ ಆಯ್ಕೆಗೆ ಕಡಿಮೆಯೇ. ಆದರೆ ಅದೇ ವರ್ಷ 171ನೆಯವರಾಗಿ ಆಯ್ಕೆಯಾಗಿ ಜಗತ್ಪ್ರಸಿದ್ಧರಾದ ಪಾವೆಲ್ ದತ್ಸ್ಯುಕ್ ಎನ್‌ಎಚ್‌ಎಲ್‌ನಲ್ಲಿ ಆಡಿದ್ದು 953 ಪಂದ್ಯ. ಮಲ್ಹೋತ್ರಾ ಆಡಿದ್ದು 991. ಕೋಚ್‌ಗಳು ತಮ್ಮ ಪಟ್ಟಿಯಲ್ಲಿ ಅಷ್ಟು ಬಾರಿ ಯಾರ ಹೆಸರನ್ನೂ ದಾಕ್ಷಿಣ್ಯಕ್ಕೆ ಬರೆಯುವುದಿಲ್ಲ ಎಂಬುದನ್ನು ಕಕ್ಕಬ್ಬೆಯವರ ಪರವಾಗಿ ಒಪ್ಪಿಕೊಳ್ಳುತ್ತೇನೆ.